ನಾನು ಇಟಲಿಯಲ್ಲಿ ಕಾರು ಬಿಟ್ಟ ಕಥೆ

ಇಟಲಿಯವರಿಗೆ ಕಾರು ಮಾಡುವುದು ಗೊತ್ತು, ಬೈಕು ಮಾಡುವುದೂ ಗೊತ್ತು. ಅವನ್ನು ಓಡಿಸುವುದು ಹೇಗೆಂದು ತೋರಿಸಿಕೊಡಲು ಮಾತ್ರ ಅಲ್ಲಿ ಒಬ್ಬ ಸಮರ್ಥ ಪುರುಷನ ಅಗತ್ಯವಿದೆ, ಆ ಪುರುಷನೇ ಈ ವೆಂಡೆಲ್ ಎಂದು ನನ್ನ ನಿವೃತ್ತಿಯ ಔತಣದ ದಿನ, ಓಹಾಯೋದ ಟೊಲೀಡೊ ಊರಿನಲ್ಲಿ, ಇಡೀ ಆಫೀಸಿನ ಎದುರು ಎದೆ ತಟ್ಟಿ ಘೋಷಿಸಿದವನು ನಾನು! ಕೈಯಲ್ಲಿ ಬಿಯರ್ ಇದ್ದದ್ದು ನಿಜ. ಆದರೆ ಆ ಮಾತು ಬಿಯರಿನದಲ್ಲ, ಅಂತರಾತ್ಮದ್ದು.

ನಮ್ಮ ಓಹಾಯೋದ ರಸ್ತೆಗಳು ಹೊರಟವೆಂದರೆ ನೇರ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಒಮ್ಮೆ ಸ್ಟೀರಿಂಗ್ ತಿರುಗಿಸಿದರೆ, ಮತ್ತೆ ತಿರುಗಿಸುವುದು ಸಂಜೆ ವಾಪಸು ಬರುವಾಗಲೇ. ನಡುವೆ ಇರುವುದೆಲ್ಲ ಜೋಳದ ಹೊಲ. ಮೂವತ್ತೈದು ವರ್ಷ ನಾನು ಕಣ್ಣಲ್ಲಿ ಜೋಳ ನೋಡುತ್ತ, ಮನಸ್ಸಿನಲ್ಲಿ ಇಟಲಿಯ ಅಪೆನೈನ್ ಬೆಟ್ಟದ ತಿರುವುಗಳನ್ನು ಹತ್ತಿ ಇಳಿದವನು. ನನ್ನಷ್ಟು ತಿರುವು ತೆಗೆದುಕೊಂಡ ಗಂಡಸು ಆ ಜಿಲ್ಲೆಯಲ್ಲೇ ಇರಲಿಲ್ಲ. ಒಂದೂ ನಿಜವಾದ ತಿರುವಾಗಿರಲಿಲ್ಲ ಎಂಬುದು ಬೇರೆ ಮಾತು.

ನನ್ನ ಹೆಂಡತಿ ರೋಸ್ವಿತಾ ಆಸ್ಟ್ರಿಯಾದವಳು. ನಾನು ಕಾರಿನ ವಿಷಯ ಎತ್ತಿದೊಡನೆ ಅವಳು ಹೆಣಿಗೆ ಕಡ್ಡಿ ಎತ್ತಿಕೊಳ್ಳುತ್ತಾಳೆ. ನಮ್ಮ ದಾಂಪತ್ಯದಲ್ಲಿ ಎಂಟು ಕಂಬಳಿಗಳು ಹುಟ್ಟಿದ್ದೇ ಹೀಗೆ.

"ಇಟಲಿಗೆ ಹೋಗಿ ಇದ್ದುಬಿಡೋಣ್ವಾ?" ಎಂದು ಒಂದು ದಿನ ಕೇಳಿದೆ.

"ಅಲ್ಲಿ ಟೊಮೆಟೊ ಚೆನ್ನಾಗಿ ಬರುತ್ತಂತೆ. ಹೋಗೋಣ."

"ಟೊಮೆಟೊ ಇರಲಿ, ಅಲ್ಲಿನ ಕಾರುಗಳು..."

"ಯಾವ ಕಾರಾದ್ರೇನು, ಕೊನೆಗೆ ಹೋಗೋದು ತರಕಾರಿ ಅಂಗಡಿಗೇ. ಮಾತಾಡಿಸಬೇಡ, ಲೆಕ್ಕ ತಪ್ಪುತ್ತೆ."

ಹೀಗೆ ನಾನು ಎಂಜಿನ್ ಕನಸು ಹೊತ್ತು, ಅವಳು ಬೀಜದ ಪೊಟ್ಟಣ ಹೊತ್ತು, ಮೊದೆನಾ ಪಟ್ಟಣದ ಮೇಲಿನ ಬೆಟ್ಟದ ಊರು ಮೊಂತೆಬ್ರೂಲೊಗೆ ಬಂದು ನೆಲೆಸಿದೆವು. ಬಂದ ತಿಂಗಳೇ ನಾನು ಒಂದು ಹಳೆಯ ಕೆಂಪು ಆಲ್ಫಾ ಕಾರು ಕೊಂಡೆ. ಮೇಲೆ ಮುಚ್ಚಳವಿಲ್ಲ, ಒಳಗೆ ಎರಡೇ ಸೀಟು, ನಮ್ಮ ಮದುವೆಗಿಂತ ಹಿರಿಯದು. ಅದರ ಜೊತೆಗೆ ಒಂದು ಗುಝಿ ಬೈಕನ್ನೂ ಕೊಂಡು, ಹಾಸಿಗೆ ಹೊದಿಕೆ ಹೊದಿಸಿ ಮಲಗಿಸಿದೆ. ಕಾರು ರಿಪೇರಿಗೆ ಹೋಯಿತು. ಯಾವಾಗ ಸಿಗುತ್ತದೆ ಎಂದು ಕೇಳಿದಾಗಲೆಲ್ಲ ಮೆಕ್ಯಾನಿಕ್ ಆಕಾಶ ನೋಡಿ "ಮುಂದಿನ ವಾರ" ಎನ್ನುತ್ತಿದ್ದ. ಆ ಮುಂದಿನ ವಾರ ಬರುವುದಕ್ಕೆ ಒಂದು ವರ್ಷ ಮೇಲೆ ಹಿಡಿಯಿತು. ಅಲ್ಲಿಯವರೆಗೆ ಇಟಲಿಗೆ ಡ್ರೈವಿಂಗ್ ಕಲಿಸಲು ಬಂದ ಮಹಾನುಭಾವ ರೋಸ್ವಿತಾಳ ಪುಟ್ಟ ಪಾಂಡಾ ಕಾರಿನಲ್ಲಿ ಅವಳ ತೋಟಕ್ಕೆ ಕುದುರೆ ಲದ್ದಿ ಸಾಗಿಸಿದ.

ಕೊನೆಗೂ ಜೂನ್ ತಿಂಗಳಲ್ಲಿ ಕಾರು ಬಂತು. ಆ ಹೊಳಪೇನು, ಆ ಗುಡುಗೇನು! ಮೊದಲ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಗ್ಯಾರೇಜಿನಲ್ಲೇ ಅದರೊಳಗೆ ಹೋಗಿ ಕುಳಿತೆ. ರೋಸ್ವಿತಾ ಬಾಗಿಲಲ್ಲಿ ನಿಂತು ನೋಡಿ, ಸೌತೆಗಿಡಕ್ಕೆ ನೀರು ಹಾಕಲು ಹೋದಳು.

ನಮ್ಮೂರಿನಲ್ಲಿ ಹಳೆಯ ವಾಹನದವರದೊಂದು ಸಂಘವಿದೆ. ಅದರ ಅಧ್ಯಕ್ಷ ಮಾಂಸದ ಅಂಗಡಿಯ ಓರಿಯಾನೊ. ಜುಲೈ ಕೊನೆಯ ಭಾನುವಾರ ಸಂತ ಕ್ರಿಸ್ತೋಫರನ ಹಬ್ಬ, ಅಂದರೆ ವಾಹನಗಳಿಗೆ ಆಶೀರ್ವಾದದ ದಿನ. ಊರ ಇಗರ್ಜಿಯಿಂದ ಬೆಟ್ಟದ ನೆತ್ತಿಯ ಚಿಕ್ಕ ಗುಡಿಯವರೆಗೆ ಎಲ್ಲ ವಾಹನಗಳೂ ಸಾಲಾಗಿ ಹೋಗಬೇಕು, ಅಲ್ಲಿ ಪಾದ್ರಿ ದೋನ್ ಚೆಲ್ಸೊ ಒಂದೊಂದು ಎಂಜಿನ್ನಿಗೂ ತೀರ್ಥ ಚಿಮುಕಿಸಬೇಕು. ಸಂಘಕ್ಕೆ ಆ ವರ್ಷ ಸೇರಿದ ಹೊಸಬನ ಕಾರು ಎಲ್ಲರಿಗಿಂತ ಮುಂದೆ ಹೋಗುವುದು, ಪಾದ್ರಿ ಅದರಲ್ಲೇ ಕೂರುವುದು ವಾಡಿಕೆ. ಆ ವರ್ಷದ ಹೊಸಬ ನಾನು!

ನಾನು ಮೊದೆನಾಕ್ಕೆ ಹೋಗಿ ಬಿಳಿ ಪ್ಯಾಂಟು ಹೊಲಿಸಿಕೊಂಡು ಬಂದೆ. ಟೊಲೀಡೊದ ಗೆಳೆಯರಿಗೆಲ್ಲ ಮೆರವಣಿಗೆಯ ವೀಡಿಯೊ ಕಳಿಸುತ್ತೇನೆಂದು ಮಾತು ಕೊಟ್ಟೆ. ಬಿಳಿ ಬೇಡ ಎಂದು ರೋಸ್ವಿತಾ ಹೇಳಿದಳು. ದಂಡನಾಯಕರು ಸೌತೆಗಿಡದವರ ಸಲಹೆ ಕೇಳುವುದಿಲ್ಲ.

ಸಂಘದ ವಿಮೆಗೆ ಬೇಕೆಂದು ಓರಿಯಾನೊ ನನ್ನ ಲೈಸೆನ್ಸ್ ಕೇಳಿದ. ಅಂಗಡಿಗೇ ಹೋಗಿ ಕೊಟ್ಟೆ. ಅವನು ಏಪ್ರನ್ನಿಗೆ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ ನೋಡಿದ.

"ಫೋಟೋ ಚೆನ್ನಾಗಿ ಬಂದಿದೆ," ಎಂದ.

"ಆಗ ಕೂದಲು ಇತ್ತು."

"ಇದರಲ್ಲಿ ಈಗ ಉಳಿದಿರೋದು ಫೋಟೋ ಒಂದೇ, ಮಾರಾಯ. ನೀನು ಈ ಊರಿನವನು ಅಂತ ಹೆಸರು ಬರೆಸಿ ವರ್ಷ ದಾಟ್ತಲ್ಲ? ವರ್ಷ ಆದಮೇಲೆ ಅಮೆರಿಕದ ಲೈಸೆನ್ಸ್ ಇಲ್ಲಿ ನಡಿಯಲ್ಲ. ಹೊಸದಾಗಿ ಪರೀಕ್ಷೆ ಬರೆದು ಪಾಸಾಗಬೇಕು."

"ಪರೀಕ್ಷೆನಾ? ನಾನು ಮೂವತ್ತೈದು ವರ್ಷ ಕಾರು ಓಡಿಸಿದೀನಿ ಕಣೋ."

"ಓಡಿಸಿದೀಯ, ಜೋಳದ ಮಧ್ಯೆ," ಎಂದ ಓರಿಯಾನೊ. ಯಕೃತ್ತು ಕೊಳ್ಳಲು ನಿಂತಿದ್ದ ಮುದುಕಿಯೊಬ್ಬಳು ನನ್ನನ್ನು ನೋಡಿ "ಪಾಪ" ಎಂದಳು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ನನ್ನ ಗತಿ ಅದೇ ಆಯಿತು. ಲೈಸೆನ್ಸ್ ನಡೆಯುವಷ್ಟು ದಿನ ಕಾರು ಬರಲಿಲ್ಲ. ಕಾರು ಬರುವ ಹೊತ್ತಿಗೆ ಲೈಸೆನ್ಸ್ ಸತ್ತಿತ್ತು. ಮಧ್ಯಾಹ್ನದೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಬಾರಿನಲ್ಲಿ ಕಾಫಿಗೆ ಹೋದರೆ, ಸೈಕಲ್ಲಿಗೆ ಲೈಸೆನ್ಸ್ ಬೇಡ ಎಂದು ಇಬ್ಬರು ಬೇರೆ ಬೇರೆಯಾಗಿ ಬಂದು ನನ್ನ ಬೆನ್ನು ಸವರಿದರು.

ಮನೆಗೆ ಬಂದು ಹೆಂಡತಿಯ ಎದುರು ಅತ್ತುಕೊಂಡೆ.

"ನನ್ನದು ಇದೆಯಲ್ಲ," ಎಂದಳು ರೋಸ್ವಿತಾ. ಅವಳು ಹತ್ತೊಂಬತ್ತನೇ ವಯಸ್ಸಿನಲ್ಲಿ ಆಸ್ಟ್ರಿಯಾದಲ್ಲಿ ಮಾಡಿಸಿದ ಗುಲಾಬಿ ಕಾಗದದ ಲೈಸೆನ್ಸ್ ಅದು. ಯುರೋಪಿನೊಳಗೆ ಯುರೋಪಿನದು ನಡೆಯುತ್ತದೆ. ಹಿಂದಿನ ಚಳಿಗಾಲದಲ್ಲೇ ಒಂದು ಬೆಳಿಗ್ಗೆ ಕೋಸು ಕೊಳ್ಳಲು ಹೋದವಳು, ದಾರಿಯಲ್ಲಿ ಕಚೇರಿಗೆ ಹೊಕ್ಕು ಅದನ್ನು ಇಟಲಿಯದಕ್ಕೆ ಬದಲಾಯಿಸಲು ಕೊಟ್ಟು ಬಂದಿದ್ದಳು. ನನಗೆ ಹೇಳುವುದನ್ನೂ ಮರೆತಿದ್ದಳು. "ಹಬ್ಬದ ದಿನ ನಾನೇ ಓಡಿಸ್ತೀನಿ ಬಿಡು."

ರೋಸ್ವಿತಾಳ ಡ್ರೈವಿಂಗ್ ನಿಮಗೆ ಗೊತ್ತಿಲ್ಲ. ಎರಡನೇ ಗೇರು ಅವಳ ಪಾಲಿಗೆ ಕೊನೆಯ ಗೇರು. ಬೆಕ್ಕು ರಸ್ತೆ ದಾಟುವುದಿರಲಿ, ದಾಟಲೋ ಬೇಡವೋ ಎಂದು ಯೋಚಿಸುತ್ತ ಕೂತಿದ್ದರೂ ಸಾಕು, ಗಾಡಿ ನಿಲ್ಲಿಸಿ ಅದರ ತೀರ್ಮಾನಕ್ಕೆ ಕಾಯುತ್ತಾಳೆ.

"ಬೇಡ, ನೀನು ತೋಟ ನೋಡ್ಕೋ," ಎಂದೆ. "ಹಬ್ಬದೊಳಗೆ ನಾನು ಇಟಲಿಯ ಲೈಸೆನ್ಸ್ ತಗೊಂಡು ಬರ್ತೀನಿ. ಇದೊಂದು ಮಕ್ಕಳಾಟ."

ಮಕ್ಕಳಾಟ ಎಂದದ್ದು ಅಕ್ಷರಶಃ ನಿಜವಾಯಿತು. ಡ್ರೈವಿಂಗ್ ಸ್ಕೂಲಿನಲ್ಲಿ ಇದ್ದವರೆಲ್ಲ ಹದಿನೆಂಟರ ಮಕ್ಕಳು. ಮೊದಲ ದಿನ ನನ್ನನ್ನು ಕಂಡು ಇನ್ಸ್‌ಪೆಕ್ಟರ್ ಇರಬೇಕೆಂದು ಎದ್ದು ನಿಂತರು. ನಾನು ಅವರ ನಡುವಿನ ಚಿಕ್ಕ ಕುರ್ಚಿಯಲ್ಲಿ ಮಂಡಿ ಮಡಿಸಿಕೊಂಡು ಕುಳಿತೆ. ಪಾಠ ಮಾಡುತ್ತಿದ್ದವರು ಸಿನ್ಯೋರಾ ಈರಿದೆ, ಸ್ಕೂಲಿನ ಒಡತಿ. ಪ್ರತಿ ಪ್ರಶ್ನೆಗೂ ಉತ್ತರ ಎರಡೇ: ಸರಿ ಅಥವಾ ತಪ್ಪು. ಕೇಳಲು ಎಷ್ಟು ಸುಲಭ!

"ಹಳದಿ ದೀಪ ಕಂಡ ಕೂಡಲೇ ವೇಗ ಹೆಚ್ಚಿಸಿ ಮುಂದೆ ಹೋಗತಕ್ಕದ್ದು. ಸಿನ್ಯೋರ್ ವೆಂಡೆಲ್?"

"ಸರಿ," ಎಂದೆ, ಅನುಭವದ ಮೇಲೆ.

"ತಪ್ಪು."

"ಆದ್ರೆ ಇಲ್ಲಿ ಎಲ್ರೂ ಹಾಗೇ ತಾನೇ ಮಾಡೋದು?"

"ಮಾಡ್ತಾರೆ. ಅವರೆಲ್ಲ ಆಗಲೇ ಪಾಸಾದವರು. ನೀವಿನ್ನೂ ಆಗಿಲ್ಲ." ಅವರು ನನ್ನ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. "ನೋಡಿ, ನಿಮಗೊಂದು ದೊಡ್ಡ ತೊಂದರೆ ಇದೆ. ನಿಮಗೆ ಡ್ರೈವಿಂಗ್ ಬರುತ್ತೆ. ಅದನ್ನ ಮೊದಲು ಮರೀರಿ."

"ಎಷ್ಟು ಮರೀಬೇಕು?"

"ಪೂರ್ತಿ. ನಮ್ಮ ಮಕ್ಕಳಿಗೆ ಈ ಕಷ್ಟ ಇಲ್ಲ."

ಹಬ್ಬಕ್ಕೆ ಮೊದಲೇ ಪರೀಕ್ಷೆ ಬಂತು. ಮೊದೆನಾದ ಸರಕಾರಿ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಮೂವತ್ತೈದು ವರ್ಷದ ಅನುಭವವನ್ನೆಲ್ಲ ಅದರ ಮೇಲೆ ಸುರಿದೆ. ಫೇಲಾದೆ. ನನ್ನ ಪಕ್ಕದಲ್ಲಿ ಚ್ಯೂಯಿಂಗ್ ಗಮ್ ಅಗಿಯುತ್ತ ಕುಳಿತಿದ್ದ ಹುಡುಗಿ ನನಗಿಂತ ಮೊದಲೇ ಮುಗಿಸಿ ಪಾಸಾಗಿ, ಹೋಗುವಾಗ "ಮುಂದಿನ ಸಲ ಆಗುತ್ತೆ ಬಿಡಿ ತಾತ" ಎಂದು ಧೈರ್ಯ ಹೇಳಿದಳು. ಮುಂದಿನ ಸಲಕ್ಕೆ ಒಂದು ತಿಂಗಳು ಕಾಯಬೇಕಿತ್ತು. ಹಬ್ಬ ಕಾಯಲಿಲ್ಲ.

ಆ ಭಾನುವಾರ ಬೆಳಿಗ್ಗೆ ಇಗರ್ಜಿಯ ಮುಂದೆ ನನ್ನ ಕೆಂಪು ಕಾರು ಎಲ್ಲಕ್ಕಿಂತ ಮುಂದೆ ನಿಂತಿತ್ತು. ಸ್ಟೀರಿಂಗ್ ಹಿಂದೆ ತಲೆಗೆ ಹೂವಿನ ವಸ್ತ್ರ ಕಟ್ಟಿದ ರೋಸ್ವಿತಾ. ಪಕ್ಕದಲ್ಲಿ ತೀರ್ಥದ ಬಕೀಟನ್ನು ತೊಡೆಯ ಮೇಲಿಟ್ಟುಕೊಂಡ ದೋನ್ ಚೆಲ್ಸೊ, ವಯಸ್ಸು ಎಂಬತ್ತು. ಸೀಟು ಎರಡೇ ಎಂದು ಮೊದಲೇ ಹೇಳಿದೆನಲ್ಲ, ಎರಡೂ ತುಂಬಿದ್ದವು.

"ಕ್ಲಚ್ ನಿಧಾನವಾಗಿ ಬಿಡಬೇಕು," ಎಂದೆ.

"ಗೊತ್ತು."

"ಎಂಜಿನ್ ಬಿಸಿ ಆಗ್ತಾ ಇದ್ರೆ ಆ ಮುಳ್ಳು..."

"ವೆಂಡೆಲ್, ಪಕ್ಕಕ್ಕೆ ಸರಿ. ಚಕ್ರ ಕಾಲ ಮೇಲೆ ಹೋಗುತ್ತೆ."

ನನಗೆ ಜಾಗ ಸಿಕ್ಕಿದ್ದು ಓರಿಯಾನೊನ ಹಳೆಯ ಪುಟಾಣಿ ಫಿಯಟ್‌ನ ಹಿಂದಿನ ಸೀಟಿನಲ್ಲಿ. ಮುಂದೆ ಬ್ರೆಡ್ ಬುಟ್ಟಿಗಳಿದ್ದವು. ಅವು ಮನುಷ್ಯರಿಗಿಂತ ಮುಖ್ಯ. ಮಧ್ಯಾಹ್ನದ ಊಟದ ಮಾಂಸದ ಸಾರಿನ ದೊಡ್ಡ ಪಾತ್ರೆಯನ್ನು ಎತ್ತಿ ನನ್ನ ಬಿಳಿ ತೊಡೆಗಳ ಮೇಲಿಟ್ಟು ಓರಿಯಾನೊ ಹೇಳಿದ: "ಇದನ್ನ ಭದ್ರವಾಗಿ ಹಿಡ್ಕೋ. ಇದಕ್ಕೆ ಲೈಸೆನ್ಸ್ ಬೇಕಾಗಿಲ್ಲ."

ಮೆರವಣಿಗೆ ಹೊರಟಿತು. ಹೊರಟಿತು ಎಂದರೆ, ಹೊರಟಂತೆ ಕಂಡಿತು. ರೋಸ್ವಿತಾ ಎರಡನೇ ಗೇರಿನಲ್ಲಿ ತೇರಿನ ಗಾಂಭೀರ್ಯದಿಂದ ಸಾಗುತ್ತಿದ್ದಳು. ಹಿಂದಿದ್ದ ಮುದಿ ಕಾರುಗಳು ಒಂದೊಂದಾಗಿ ಕುದಿಯತೊಡಗಿದವು. ಮೋಟಾರ್ ಸೈಕಲ್‌ನವರು ಬೀಳದಿರಲು ಕಾಲು ನೆಲಕ್ಕೆ ಊರಿ ನಡೆಯುತ್ತಿದ್ದರು. ಹಾರ್ನುಗಳ ಗಲಾಟೆ ಮುಗಿಲು ಮುಟ್ಟಿತು.

"ನಿನ್ನ ಹೆಂಡ್ತಿ ಹೀಗೇ ಹೋದ್ರೆ ನಾವು ಮೇಲೆ ಮುಟ್ಟೋದು ಕ್ರಿಸ್‌ಮಸ್‌ಗೆ," ಎಂದ ಓರಿಯಾನೊ. ನಾಚಿಕೆಯಿಂದ ನಾನು ಪಾತ್ರೆಯ ಮುಚ್ಚಳ ನೋಡುತ್ತ ಕುಳಿತೆ. ಒಳಗೊಳಗೆ ಸ್ವಲ್ಪ ಸಂತೋಷವೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ. ವೆಂಡೆಲ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಊರೇ ಹೇಳುವುದಿತ್ತಲ್ಲ!

ಬೆಟ್ಟದ ಮೊದಲ ತಿರುವಿನ ಹತ್ತಿರ ದೋನ್ ಚೆಲ್ಸೊ ರೋಸ್ವಿತಾಳ ಕಡೆ ಬಾಗಿ ಏನೋ ಹೇಳಿದ್ದು ಕಂಡಿತು. ಅವಳು ಅವರತ್ತ ಒಮ್ಮೆ ತಿರುಗಿ ನೋಡಿದಳು. ಮರುಕ್ಷಣ ನನ್ನ ಕಾರು, ನಾನು ಇನ್ನೂ ಒಮ್ಮೆಯೂ ಕೇಳಿರದ ದನಿಯಲ್ಲಿ ಗರ್ಜಿಸಿತು. ಕೆಂಪು ಬಣ್ಣ ತಿರುವಿನಲ್ಲಿ ಮಿಂಚಿ ಮಾಯವಾಯಿತು.

"ಅಯ್ಯೋ, ಪಾದ್ರಿ ಹೋದ್ರಲ್ಲಪ್ಪ," ಎಂದು ಓರಿಯಾನೊ ಆಕ್ಸಿಲರೇಟರ್ ಒತ್ತಿದ. ಪುಟಾಣಿ ಫಿಯಟ್ ಹಾರಿತು. ಸಾರೂ ಹಾರಿತು. ಎರಡನೇ ತಿರುವಿನಲ್ಲಿ ನನ್ನ ಎಡ ತೊಡೆ, ಮೂರನೆಯದರಲ್ಲಿ ಬಲ ತೊಡೆ, ನಾಲ್ಕನೆಯದರಲ್ಲಿ ಬರೆಯಲಾಗದ ಜಾಗ. ಜೀವಮಾನವೆಲ್ಲ ಕನಸು ಕಂಡ ಅಪೆನೈನ್ ತಿರುವುಗಳನ್ನು ನಾನು ಮೊದಲ ಸಲ ವೇಗದಲ್ಲಿ ಅನುಭವಿಸಿದ್ದು ಹೀಗೆ, ಹಿಂದಿನ ಸೀಟಿನಲ್ಲಿ, ಬಿಸಿಬಿಸಿಯಾಗಿ.

ನೆತ್ತಿಯ ಗುಡಿಯ ಮುಂದೆ ನನ್ನ ಕಾರು ಶಾಂತವಾಗಿ ನಿಂತಿತ್ತು. ರೋಸ್ವಿತಾಳ ತಲೆವಸ್ತ್ರ ಕುತ್ತಿಗೆಗೆ ಇಳಿದಿತ್ತು, ಕೂದಲು ದಿಕ್ಕಾಪಾಲಾಗಿತ್ತು, ಕೆನ್ನೆ ಕೆಂಪಾಗಿತ್ತು. ದೋನ್ ಚೆಲ್ಸೊ ಖಾಲಿ ಬಕೀಟು ಹಿಡಿದು ಕಲ್ಲಿನ ಮೇಲೆ ಕುಳಿತಿದ್ದರು. ತೀರ್ಥವೆಲ್ಲ ಅವರ ನಿಲುವಂಗಿಯ ಮೇಲೇ ಆಗಿತ್ತು.

"ಏನಾಯ್ತು ಫಾದರ್? ಅವಳಿಗೆ ಏನು ಹೇಳಿದ್ರಿ?" ಎಂದು ಕೇಳಿದೆ.

"ಏನಿಲ್ಲಪ್ಪ. ಸಿನ್ಯೋರಾ, ಈ ಗಾಡೀಲಿ ಮೂರನೇ ಗೇರು ಅಂತ ಒಂದಿರುತ್ತೆ ಅಂದೆ, ಅಷ್ಟೇ."

"ಆಮೇಲೆ?"

"ನಾಲ್ಕನೇದನ್ನ ಅವರೇ ಹುಡುಕಿಕೊಂಡ್ರು."

ಕೊನೆಗೆ ಊಟಕ್ಕೆ ತಂದಿದ್ದ ನೀರಿನ ಬಾಟಲಿಯನ್ನೇ ಮಂತ್ರಿಸಿ ಅವರು ಎಲ್ಲ ವಾಹನಗಳಿಗೂ ಚಿಮುಕಿಸಿದರು. ಅದು ಸೋಡಾ. ಎಂಜಿನ್ನುಗಳ ಮೇಲೆ ಬಿದ್ದು ಬುಸ್ ಎಂದಿತು. ಇಷ್ಟು ಚೆನ್ನಾಗಿ ಆಶೀರ್ವಾದ ಹತ್ತಿದ್ದು ಇದೇ ಮೊದಲೆಂದು ಜನ ಚಪ್ಪಾಳೆ ತಟ್ಟಿದರು. ಊಟಕ್ಕೆ ಸಾರು ಇರಲಿಲ್ಲ. ಯಾಕೆ ಇಲ್ಲವೆಂದು ಯಾರೂ ಕೇಳಲಿಲ್ಲ, ನನ್ನ ಪ್ಯಾಂಟು ನೋಡಿದರು.

ಮಾರನೆಯ ದಿನದಿಂದ ನಮ್ಮ ಮನೆಯ ವಾತಾವರಣ ಬದಲಾಯಿತು. "ಗಾಡಿ ಸುಮ್ಮನೆ ನಿಂತ್ರೆ ಬ್ಯಾಟರಿ ಹೋಗುತ್ತಂತೆ" ಎಂದು ರೋಸ್ವಿತಾ ಕೆಂಪು ಕಾರಿನಲ್ಲಿ ಹಾಲು ತರಲು ಹೋಗತೊಡಗಿದಳು. ಹಾಲಿನ ಅಂಗಡಿ ಇರುವುದು ನಮ್ಮ ಬೀದಿಯ ತುದಿಯಲ್ಲಿ. ಆದರೆ ಆಚೆ ಕಣಿವೆಯ ಹಾಲು ಗಟ್ಟಿಯಂತೆ. ಚೀಸು ಅದರಾಚೆಯ ಕಣಿವೆಯಲ್ಲಿ ಒಳ್ಳೆಯದಂತೆ. ಜೇನಿಗೆ ಬೆಟ್ಟ ದಾಟಲೇಬೇಕಂತೆ. ದೋನ್ ಚೆಲ್ಸೊ ಅವರಿಗೂ ಆ ದಿಕ್ಕಿನ ಕಾಯಿಲೆಯವರನ್ನೆಲ್ಲ ಇದ್ದಕ್ಕಿದ್ದಂತೆ ನೋಡಬೇಕೆನಿಸಿ, ಪಕ್ಕದ ಸೀಟು ಹತ್ತುತ್ತಿದ್ದರು. ಸೌತೆಗಿಡ ಬಾಡಿತು. ಒಂಬತ್ತನೇ ಕಂಬಳಿ ಅರ್ಧಕ್ಕೇ ನಿಂತಿತು.

ನಾನು ಅಡುಗೆಮನೆಯ ಮೇಜಿನ ಮುಂದೆ ಕುಳಿತು ನಿಯಮ ಓದಿದೆ. ಹಗಲು ಓದಿದೆ, ಊಟದ ನಡುವೆ ಓದಿದೆ. ಸಿನ್ಯೋರಾ ಈರಿದೆ ಹೇಳಿದಂತೆ ನನಗೆ ಗೊತ್ತಿದ್ದದ್ದನ್ನೆಲ್ಲ ಒಂದೊಂದಾಗಿ ಮರೆತೆ. ಕನಸಿನಲ್ಲೂ ತಿರುವಿಗೆ ಮೊದಲು ಕನ್ನಡಿ ನೋಡಿ, ಇಂಡಿಕೇಟರ್ ಹಾಕತೊಡಗಿದೆ. ಎಲೆ ಉದುರುವ ಕಾಲಕ್ಕೆ ಬರೆಯುವುದರಲ್ಲೂ ಪಾಸಾದೆ, ಓಡಿಸುವುದರಲ್ಲೂ ಪಾಸಾದೆ. ಇಷ್ಟು ವಿನಯದಿಂದ ಗಾಡಿ ನಡೆಸುವವರನ್ನು ಈ ದೇಶದಲ್ಲಿ ತಾನು ನೋಡಿಯೇ ಇಲ್ಲ ಎಂದು ಪರೀಕ್ಷಕ ಹೇಳಿದಾಗ ನನ್ನ ಕಣ್ಣು ತುಂಬಿತು. ಲೈಸೆನ್ಸನ್ನು ಎದೆಗೆ ಒತ್ತಿಕೊಂಡು ನಿಂತೆ. ಇನ್ನು ನನ್ನ ಕಾರು, ನನ್ನ ಬೆಟ್ಟ!

"ಅಭಿನಂದನೆ," ಎಂದರು ಸಿನ್ಯೋರಾ ಈರಿದೆ. "ಮೂರು ವರ್ಷ ಹುಷಾರಾಗಿರಿ."

"ಮೂರು ವರ್ಷ ಏನು?"

"ಹೊಸ ಡ್ರೈವರ್ ಅಲ್ವಾ ನೀವು. ಮೂರು ವರ್ಷ ಹೆಚ್ಚು ಶಕ್ತಿಯ ಗಾಡಿ ಮುಟ್ಟೋ ಹಾಗಿಲ್ಲ. ನಿಮ್ಮ ಕೆಂಪು ಕಾರು ತೂಕಕ್ಕೆ ಮೀರಿದ ಶಕ್ತಿಯದು, ಅದು ಆಗಲ್ಲ. ಪಾಂಡಾ ಆಗುತ್ತೆ. ಬೈಕಿಗೆ ಬೇರೆ ಪರೀಕ್ಷೆ ಇದೆ, ಹೆಸರು ಬರ್ಕೊಳ್ಲಾ?"

ನನಗೆ ಕುರ್ಚಿ ಬೇಕಾಯಿತು. ಅವರು ಕೊಟ್ಟರು, ಅದೇ ಚಿಕ್ಕ ಕುರ್ಚಿ.

"ಒಂದು ದಾರಿ ಇದೆ," ಎಂದರು ಕನಿಕರದಿಂದ. "ಹತ್ತು ವರ್ಷದ ಮೇಲೆ ಲೈಸೆನ್ಸ್ ಇರೋರು, ಅರವತ್ತೈದು ದಾಟದೇ ಇರೋರು, ಪಕ್ಕದಲ್ಲಿ ಕೂತಿದ್ರೆ ನೀವು ಎಂಥ ಗಾಡಿನೂ ಓಡಿಸಬಹುದು. ಮನೇಲಿ ಅಂಥೋರು ಯಾರಾದ್ರೂ ಇದಾರಾ?"

ಇದ್ದಳು. ಜೇನು ತರಲು ಹೋಗಿದ್ದಳು.

ಆ ವಾರದ ಭಾನುವಾರ ರೋಸ್ವಿತಾ ಒಪ್ಪಿ ಪಕ್ಕದ ಸೀಟಿನಲ್ಲಿ ಕುಳಿತಳು. ಕೈಗೆ ಚರ್ಮದ ಗ್ಲೌಸ್ ಹಾಕಿಕೊಂಡಿದ್ದಳು. ಅದು ಯಾವಾಗ ಕೊಂಡದ್ದೋ ನನಗೆ ಗೊತ್ತಿರಲಿಲ್ಲ. ನಾನು ಸೀಟು ಸರಿಮಾಡಿದೆ, ಮೂರೂ ಕನ್ನಡಿ ಸರಿಮಾಡಿದೆ, ಹಿಂದೆ ನೋಡಿದೆ, ಮುಂದೆ ನೋಡಿದೆ, ಇಂಡಿಕೇಟರ್ ಹಾಕಿದೆ. ಹೊರಟೆ. ಎಳೆ ಬಿಸಿಲು, ಹಳದಿ ಮರಗಳು, ಕೆಳಗೆ ಕಣಿವೆ. ಒಂದು ತಿರುವು, ಇನ್ನೊಂದು ತಿರುವು. ಮೂವತ್ತೈದು ವರ್ಷ ಜೋಳದ ನಡುವೆ ಬೇಡಿಕೊಂಡದ್ದು ಕೈಯೊಳಗೆ ತಿರುಗುತ್ತಿತ್ತು. ನಾನು ಅಷ್ಟು ಸುಖವಾಗಿ ಹಿಂದೆಂದೂ ಇರಲಿಲ್ಲ. ಪಕ್ಕದಲ್ಲಿ ಅವಳೂ ಗ್ಲೌಸಿನ ಬೆರಳುಗಳಿಂದ ಬಾಗಿಲ ಅಂಚಿಗೆ ತಾಳ ಹಾಕುತ್ತ ಕುಳಿತಿದ್ದಳು. ಕೊನೆಗೂ ನನ್ನ ಹುಚ್ಚು ಇವಳಿಗೆ ಅರ್ಥವಾಯಿತು ಎಂದುಕೊಂಡೆ.

"ನಿಲ್ಸು," ಎಂದಳು.

ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಬದಿಗೆ ನಿಲ್ಲಿಸಿದೆ. "ಯಾಕೆ, ಹೆದರಿಕೆ ಆಯ್ತಾ?"

"ಹಿಂದೆ ನೋಡು."

ಹುಲ್ಲಿನ ಹೊರೆ ತುಂಬಿದ ಟ್ರ್ಯಾಕ್ಟರೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಅದರ ಹಿಂದೆ ಇಬ್ಬರು ಸೈಕಲ್ಲಿನವರು ಹೋದರು. ಎಲ್ಲರ ಮುಖವೂ ಬಹಳ ಹೊತ್ತಿನಿಂದ ಕಾದವರ ಮುಖದಂತಿತ್ತು.

ರೋಸ್ವಿತಾ ಇಳಿದು, ಸುತ್ತು ಹಾಕಿ ನನ್ನ ಕಡೆಯ ಬಾಗಿಲು ತೆರೆದಳು. "ಇಳಿ. ಆ ಕಡೆ ಹೋಗಿ ಕೂತ್ಕೋ."

"ನೀನು ಪಕ್ಕದಲ್ಲಿದ್ರೆ ಕಾನೂನು ಪ್ರಕಾರ ನಾನು ಓಡಿಸಬಹುದು."

"ಓಡಿಸಬಹುದು ಅಂದಿದೆ, ಎಲ್ಲಿ ಓಡಿಸ್ತಿದೀಯ?"

ಇಳಿದೆ. ಹೋಗಿ ಕುಳಿತೆ. ಅವಳು ಕನ್ನಡಿ ನೋಡಲಿಲ್ಲ, ಇಂಡಿಕೇಟರ್ ಹಾಕಲಿಲ್ಲ. ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಬಿಗಿಮಾಡಿಕೊಂಡು, ಗೇರಿನ ಮೇಲೆ ಕೈಯಿಟ್ಟಳು.

"ಬೆಲ್ಟ್ ಹಾಕ್ಕೋ," ಎಂದಳು. "ನಾಚ್ಕೋಬೇಡ, ಬೇಕಾದ್ರೆ ಕಿರುಚು. ದೋನ್ ಚೆಲ್ಸೊನೂ ಮೊದಲ ವಾರ ಕಿರುಚ್ತಿದ್ರು."